ಸ್ಟ್ರ್ಯಾಪಿಂಗ್ ಯಂತ್ರದ ಆಯ್ಕೆ: ಮೊದಲು ಸರಕು, ನಂತರ ಯಂತ್ರ

ಗೋಕಾಕದ ಕರದಂಟು, ಮೂಡಲಗಿ ಸುತ್ತಿನ ಬೆಲ್ಲ, 19ನೇ ಶತಮಾನದಿಂದ ಹೆಸರು ಮಾಡಿದ ಗೋಕಾಕ ಫಾಲ್ಸ್‌ನ ಹತ್ತಿ ನೂಲು: ಅರಭಾವಿ ಪರಿಸರದ ಸರಕಿಗೆ ದೂರದ ಊರುಗಳಲ್ಲಿಯೂ ಗಿರಾಕಿಗಳಿದ್ದಾರೆ. ದಾರಿಯಲ್ಲಿ ಪೆಟ್ಟಿಗೆ ಬಾಯ್ಬಿಟ್ಟರೆ ಸರಕಿನ ಜೊತೆಗೆ ವ್ಯಾಪಾರಿಯ ಹೆಸರೂ ಕೆಡುತ್ತದೆ. ಆದುದರಿಂದ ಪೆಟ್ಟಿಗೆಗೆ ಪಟ್ಟಿ ಬಿಗಿಯುವ ಸ್ಟ್ರ್ಯಾಪಿಂಗ್ ಯಂತ್ರವನ್ನು ಕೊಳ್ಳುವ ಮುನ್ನ ಕೆಲವು ಅಂಶಗಳನ್ನು ಪರಿಶೀಲಿಸುವುದು ಅಗತ್ಯ.

ಪಟ್ಟಿಯ ನಿರ್ಧಾರ

ಯಂತ್ರಕ್ಕಿಂತ ಮೊದಲು ಪಟ್ಟಿಯನ್ನು ನಿರ್ಧರಿಸಬೇಕು. ಕರದಂಟು, ಬೆಲ್ಲದ ಅಚ್ಚುಗಳಂತಹ ಹಗುರ ರಟ್ಟಿನ ಪೆಟ್ಟಿಗೆಗಳಿಗೆ ಅಗ್ಗದ ಪಾಲಿಪ್ರೊಪಿಲೀನ್ ಪಟ್ಟಿ ಸಾಕು; ಆದರೆ ದಿನ ಕಳೆದಂತೆ ಅದರ ಬಿಗಿತ ಸಡಿಲಗೊಳ್ಳುತ್ತದೆ. ನೂಲಿನ ಪೆಟ್ಟಿಗೆಗಳನ್ನು ಪೇರಿಸಿದ ಭಾರದ ಪ್ಯಾಲೆಟ್‌ಗಳಿಗೆ ಬಿಗಿತವನ್ನು ಹೆಚ್ಚು ಕಾಲ ಕಾಯ್ದುಕೊಳ್ಳುವ ಪಾಲಿಯೆಸ್ಟರ್ ಪಟ್ಟಿ ಲೇಸು. ಉಕ್ಕಿನ ಪಟ್ಟಿ ಬಲಿಷ್ಠವಾದರೂ ತುಕ್ಕು ಹಿಡಿಯುತ್ತದೆ. ಅದರ ಅಂಚು ರಟ್ಟನ್ನೂ ಕೆಲಸಗಾರರ ಕೈಯನ್ನೂ ಕೊಯ್ಯಬಲ್ಲದು. ಸುಮಾರು 170 ಕಿಲೋ ತೂಗುವ ಹತ್ತಿ ಬೇಲನ್ನು ಪ್ರೆಸ್ಸಿನಲ್ಲಿ ಒತ್ತಿರುವಾಗಲೇ ಕಟ್ಟಬೇಕು. ಇದು ಮೇಜಿನ ಯಂತ್ರದ ಕೆಲಸವಲ್ಲ. ಬಾಯಿ ಹೊಲಿದ 50 ಕಿಲೋ ಸಕ್ಕರೆ ಚೀಲಕ್ಕಂತೂ ಪಟ್ಟಿಯೇ ಬೇಡ.

ಯಂತ್ರದ ಲೆಕ್ಕ

ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ: ಕೈ ಸಾಧನ, ಅರೆ ಸ್ವಯಂಚಾಲಿತ ಮೇಜಿನ ಯಂತ್ರ ಹಾಗೂ ಕಮಾನಿರುವ ಸಂಪೂರ್ಣ ಸ್ವಯಂಚಾಲಿತ ಯಂತ್ರ. ದಿನಕ್ಕೆ 200 ಪೆಟ್ಟಿಗೆಗಳಿಗೆ ತಲಾ ಎರಡರಂತೆ 400 ಪಟ್ಟಿಗಳೆಂದು ಭಾವಿಸೋಣ. ಪೆಟ್ಟಿಗೆ ಸರಿಸುವುದೂ ಸೇರಿ ಪಟ್ಟಿಗೆ 10 ಸೆಕೆಂಡು ಹಿಡಿದರೂ, ಮೇಜಿನ ಯಂತ್ರದಲ್ಲಿ ಒಬ್ಬ ಕೆಲಸಗಾರ 67 ನಿಮಿಷಗಳಲ್ಲಿ ಕೆಲಸ ಮುಗಿಸಬಲ್ಲ. ಇಂಥ ಘಟಕಕ್ಕೆ ಕಮಾನಿನ ಯಂತ್ರ ಅನಗತ್ಯ ಹೂಡಿಕೆ. ಒಂದೇ ಅಳತೆಯ ಪೆಟ್ಟಿಗೆಗಳು ಸಾಲಾಗಿ, ಎಡೆಬಿಡದೆ ಬರುವಲ್ಲಿ ಮಾತ್ರ ಅದರ ವೇಗ ಫಲ ಕೊಡುತ್ತದೆ.

ಖರೀದಿಯ ಮುನ್ನ

ತುಂಬಿದ ತಮ್ಮದೇ ಪೆಟ್ಟಿಗೆಯನ್ನು ಮಾರಾಟಗಾರರ ಬಳಿಗೆ ಒಯ್ದು ಪರೀಕ್ಷಿಸಿರಿ. ಪಟ್ಟಿ ರಟ್ಟಿನ ಅಂಚನ್ನು ಜಜ್ಜಬಾರದು. ಒಂದು ರಾತ್ರಿ ಬಿಟ್ಟು ನೋಡಿದರೂ ಬೆಸುಗೆ ಬಿಡಬಾರದು. ಪಟ್ಟಿಯ ಅಗಲ ಯಂತ್ರದ ದಾರಿಗೆ ಹೊಂದಬೇಕು. ಹೀಟರ್, ಕತ್ತರಿಸುವ ಬ್ಲೇಡ್ ಹಾಗೂ ರೋಲರ್‌ಗಳು ಬೆಳಗಾವಿಯಲ್ಲಿಯಾದರೂ ದೊರೆಯುವವೇ ಎಂದು ವಿಚಾರಿಸಿರಿ. ಬೆಲ್ಲದ ಪುಡಿ, ಕರದಂಟಿನ ತುಪ್ಪದ ಜಿಡ್ಡು ಯಂತ್ರದ ದಾರಿಯಲ್ಲಿ ಅಂಟಿಕೊಳ್ಳುವುದರಿಂದ ನಿತ್ಯ ಶುಚಿಗೊಳಿಸುವುದು ಕಡ್ಡಾಯ. ವಿದ್ಯುತ್ ಹೋದಾಗ ಹೀಟರ್ ಯಂತ್ರ ನಿಲ್ಲುತ್ತದೆ. ಆದುದರಿಂದ ಒಂದು ಕೈ ಸಾಧನ ಜೊತೆಗಿರಲಿ.

2017ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಡಿ ನೋಂದಾಯಿತ ತೆರಿಗೆದಾರರು ಯಂತ್ರದ ಮೇಲೆ ತೆತ್ತ ತೆರಿಗೆಯನ್ನು ನಿಯಮಾನುಸಾರ ಜಮೆ ಪಡೆಯಬಹುದು. ಕಂಪೋಸಿಶನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಸಣ್ಣ ಘಟಕಗಳು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಬೆಲೆಗಳನ್ನು ಹೋಲಿಸುವುದು ಹಿತಕರ. ಯಂತ್ರ ದೊಡ್ಡದಿರಬೇಕಿಲ್ಲ, ಕಟ್ಟಿದ ಪೆಟ್ಟಿಗೆ ಗಿರಾಕಿಯ ಮನೆಬಾಗಿಲಿಗೆ ಕಟ್ಟಿದಂತೆಯೇ ತಲುಪಿದರೆ ಹೂಡಿದ ಹಣ ಸಾರ್ಥಕ.