ಪಾನಫೇನ ವಿಚಾರ

ಅಮರಕೋಶವು ಹುದುಗನ್ನು ಕಿಣ್ವವೆಂದೂ ಸುರಾಮಂಡವನ್ನು ಕಾರೋತ್ತರವೆಂದೂ ವಿಂಗಡಿಸಿದೆ. ಆದರೂ ಪಾನವರ್ಣನೆಗಳ ಪಾಠದಲ್ಲಿ ನೊರೆಯೇ ಮದ್ಯದ ಸತ್ತ್ವವೆಂದು ವಿವರಿಸುವುದುಂಟು, ಇದು ಸಮಂಜಸವಲ್ಲ. ದ್ರವವನ್ನು ತೊರೆದು ಹೊರಡುವ ಇಂಗಾಲಾಮ್ಲವಾಯುವೇ ನೊರೆಯನ್ನೆಬ್ಬಿಸುವುದು. ಬೆಂಗಳೂರಿನ ಪಾನಶಾಲೆಗಳಲ್ಲಿ ಪೀಪಾಯಿಯ ಬಿಯರನ್ನು ಸುರಿಯುವವರು ಇದನ್ನು ಬಲ್ಲರು. ಪೀಪಾಯಿ ಬೆಚ್ಚಗಾದೊಡನೆ ವಾಯುವು ದ್ರವದಲ್ಲಿ ನಿಲ್ಲಲಾರದು. ಬಟ್ಟಲ ತುಂಬ ನೊರೆ, ಅಡಿಯಲ್ಲಿ ಸಪ್ಪೆ ಪಾನೀಯ. ಆಗ ಒತ್ತಡವನ್ನು ಇಳಿಸುವುದು ಅವಿವೇಕವೇ ಸರಿ; ಕ್ರಮೇಣ ಉಳಿದ ವಾಯುವೂ ಬೇರ್ಪಟ್ಟು ನೊರೆ ಹೆಚ್ಚುವುದು. ಪೀಪಾಯಿಯನ್ನೂ ಕೊಳವೆಯನ್ನೂ 3 ಡಿಗ್ರಿ ಸೆಂಟಿಗ್ರೇಡಿನಷ್ಟು ತಣ್ಣಗಿರಿಸಿ, ಚದರಂಗುಲಕ್ಕೆ ಸುಮಾರು 12 ಪೌಂಡು ಒತ್ತಡವನ್ನು ಕಾಯ್ದು, ಹರಿವಿನ ವೇಗ ತಗ್ಗುವಂತೆ ಕೊಳವೆಯನ್ನು ನೀಳಗೊಳಿಸತಕ್ಕದ್ದು. ಇದು ಸಮುದ್ರತೀರದ ಲೆಕ್ಕ; ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಭಾರ ಕಡಮೆಯಾದುದರಿಂದ ಮಾಪಕವು ಒಂದೂವರೆ ಪೌಂಡು ಅಧಿಕ ತೋರಬೇಕು. ನೊರೆಯೇಳದೆಯೇ ಸಪ್ಪೆಯಾದರೆ ವಾಯುನಾಳದ ಸಂದುಗಳಿಗೆ ಸಾಬೂನಿನ ನೀರು ಸವರಿ ನೋಡುವುದು. ಗುಳ್ಳೆಯೆದ್ದ ಕಡೆ ಸೋರಿಕೆಯಿದೆ.