ಗದ್ದೆ ಬಯಲಿನ ರಾಜಹಂಸ ನೋಡೋಣ ಬನ್ನಿ

ಮಗಳೋ ತಂಗಿಯೋ ಯೂರೋಪಿನಲ್ಲಿದ್ದಾರೆ. ಈ ಸಲ ನೀವು ಹೊರಟಿದ್ದೀರಿ. ಐಫೆಲ್ ಟವರ್, ಸ್ವಿಸ್ ಹಿಮ ಎಲ್ಲವೂ ಪಟ್ಟಿಯಲ್ಲಿದೆ. ಆದರೆ ಹಿತ್ತಲಿನ ಹಕ್ಕಿಗಳಿಗೆ ದಿನಾ ನೀರಿಡುವ ನಿಮ್ಮ ಆಸೆ? ಅದು ಯಾವ ಪಟ್ಟಿಯಲ್ಲೂ ಇಲ್ಲ! ಸಂಕೋಚ ಬಿಟ್ಟು ಮೂರು ದಿನ ಕೇಳಿ ತಗೊಳ್ಳಿ. ಸ್ಪೇನಿನ ಮೆಡಿಟರೇನಿಯನ್ ತೀರದಲ್ಲಿರುವ ಎಬ್ರೊ ಮುಖಜಭೂಮಿಗೆ ಹೋಗಿ ಬನ್ನಿ.

ಅಲ್ಲಿಗೇ ಯಾಕೆ?

ಬಾರ್ಸಿಲೋನಾದಿಂದ ಸುಮಾರು 180 ಕಿ.ಮೀ. ದೂರದಲ್ಲಿ ಎಬ್ರೊ ನದಿ ಸಮುದ್ರ ಸೇರುತ್ತದೆ. ಸುತ್ತ ಸುಮಾರು 50 ಸಾವಿರ ಎಕರೆ ಭತ್ತದ ಗದ್ದೆ! ನಮ್ಮ ಮಂಡ್ಯದ ಗದ್ದೆಯಲ್ಲಿ ಕಾಣುವ ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿ ಅಲ್ಲೂ ಇವೆ. ಜೊತೆಗೆ ಗುಲಾಬಿ ರಾಜಹಂಸಗಳ ಹಿಂಡು. 1983ರಿಂದ ಇದು ರಕ್ಷಿತ ನಿಸರ್ಗ ಉದ್ಯಾನ. ಇಲ್ಲಿ 300ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕಂಡಿವೆ.

ಯಾವಾಗ ಹೋಗಬೇಕು?

ಏಪ್ರಿಲ್ ಕೊನೆಯಿಂದ ಮೇ ತನಕ ಒಳ್ಳೆಯದು. ಆಗ ಗದ್ದೆಗೆ ನೀರು ಬಿಟ್ಟಿರುತ್ತಾರೆ. ಆಫ್ರಿಕಾದಿಂದ ಉತ್ತರಕ್ಕೆ ಹೊರಟ ಹಕ್ಕಿಗಳೂ ಇಲ್ಲಿ ಇಳಿಯುತ್ತವೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು, ಸೊಳ್ಳೆ ಎರಡೂ ಜೋರು.

ಮೂರು ದಿನದ ಲೆಕ್ಕ

ಮೊದಲ ದಿನ: ಬಾರ್ಸಿಲೋನಾದಿಂದ ರೈಲಿನಲ್ಲಿ ಲಾಲ್ದೇಯಾ ನಿಲ್ದಾಣ. ಅಲ್ಲಿಂದ ಟ್ಯಾಕ್ಸಿಯಲ್ಲಿ ದೆಲ್ತೆಬ್ರೆ ಊರು. ಎರಡು ರಾತ್ರಿಯೂ ಅಲ್ಲೇ ಉಳಿಯಿರಿ. ಮೇ ತಿಂಗಳಲ್ಲಿ ಒಂಬತ್ತು ಗಂಟೆವರೆಗೂ ಬೆಳಕಿರುವುದರಿಂದ ಸಂಜೆ ಗದ್ದೆ ಬದಿ ನಡೆಯಬಹುದು.

ಎರಡನೇ ದಿನ: ಬೆಳಿಗ್ಗೆ ಬೇಗ ಎದ್ದು ದಕ್ಷಿಣದ ಎಂಕನ್ಯಿಸಾದ, ತಂಕಾದ ಸರೋವರಗಳಿಗೆ ಹೋಗಿ. ವೀಕ್ಷಣಾ ಗೋಪುರಗಳಿವೆ. ನೆಲ ಪೂರ್ತಿ ಸಪಾಟು, ಸೈಕಲ್ ಬರುವವರಿಗೆ ಹಬ್ಬ! ಮಧ್ಯಾಹ್ನ ವಿಶ್ರಾಂತಿ ತಗೊಂಡು ಸಂಜೆ ಮತ್ತೆ ಹೊರಡಿ. ನಾನು ಮೊದಲ ಸಲ ರಂಗನತಿಟ್ಟಿಗೆ ಹೋದಾಗ ಹನ್ನೆರಡು ಗಂಟೆಗೆ ತಲುಪಿ, ತೂಕಡಿಸುವ ಹಕ್ಕಿಗಳನ್ನಷ್ಟೇ ನೋಡಿ ಬಂದಿದ್ದೆ. ಆ ತಪ್ಪು ನೀವು ಮಾಡಬೇಡಿ.

ಮೂರನೇ ದಿನ: ದೋಣಿಯಲ್ಲಿ ನದಿ ಸಮುದ್ರ ಸೇರುವ ಜಾಗ ನೋಡಿ, ವಾಪಸ್.

ಮರೆಯಬೇಡಿ

* ಜರ್ಮನಿಗೋ ಫ್ರಾನ್ಸಿಗೋ ಪಡೆದ ಷೆಂಗೆನ್ ವೀಸಾ ಸ್ಪೇನಿಗೂ ನಡೆಯುತ್ತದೆ. ಅದರ ಅವಧಿಯೊಳಗೇ ಪ್ರವಾಸ ಇಟ್ಟುಕೊಳ್ಳಿ.
* 8×42 ಬೈನಾಕ್ಯುಲರ್ ಹೊಸಬರಿಗೆ ಸಾಕು. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ಟೋಪಿ, ಸೊಳ್ಳೆ ಕ್ರೀಮ್ ಇರಲಿ.
* ಅಲ್ಲಿನ ಅನ್ನದ ಅಡುಗೆಗೆ ಸಾಮಾನ್ಯವಾಗಿ ಮೀನಿನ ಸಾರು ಹಾಕುತ್ತಾರೆ. ಸಸ್ಯಾಹಾರಿಗಳು ಮೊದಲೇ ಕೇಳಿ. ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿದ್ದರೆ ನಿಶ್ಚಿಂತೆ.
* ಗೂಡಿನ ಹತ್ತಿರ ಹೋಗಲೇಬೇಡಿ. ತಾಯಿಹಕ್ಕಿ ಹೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಹಾಳಾಗುತ್ತದೆ. ಫೋಟೋ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ.

ಇನ್ನೊಂದು ಮಾತು. ಎಬ್ರೊ ನದಿ ಹೊತ್ತು ತಂದ ಮಣ್ಣಿನಿಂದಲೇ ಈ ನೆಲ ಹುಟ್ಟಿದ್ದು. ಈಗ ಆ ಮಣ್ಣು ಮೇಲಿನ ಅಣೆಕಟ್ಟುಗಳಲ್ಲೇ ನಿಂತುಬಿಡುತ್ತಿದೆ. ತೀರ ಸವೆಯುತ್ತಿದೆ. 2020ರ ಜನವರಿಯ ಗ್ಲೋರಿಯಾ ಬಿರುಗಾಳಿಗೆ ಸಮುದ್ರ ಗದ್ದೆಗಳಿಗೇ ನುಗ್ಗಿತ್ತು. 'ಮಕ್ಕಳ ಮದುವೆ ಮುಗೀಲಿ, ಆಮೇಲೆ ನೋಡೋಣ' ಅಂತ ನಮ್ಮ ಆಸೆಗಳನ್ನು ಮುಂದೂಡುವುದು ನಮಗೆ ಅಭ್ಯಾಸ. ಆದರೆ ಈ ನೆಲ ನಮಗಾಗಿ ಹೀಗೇ ಕಾಯುತ್ತಾ ಇರುತ್ತದೆಯೇ? ಮೂರು ದಿನ ಕೇಳಲು ಇನ್ನೂ ಯೋಚನೆ ಮಾಡ್ತೀರಾ?