ಮಾರ್ಬಲ್ ನೆಲಕ್ಕೆ ಪಾಲಿಶ್: ಆರೋಗ್ಯದ ಎಚ್ಚರಿಕೆಗಳು

ಈದ್ ಹತ್ತಿರವಾದಂತೆ ಮನೆ ಶುಚಿಗೊಳಿಸುವ ಕೆಲಸ ಶಿವನಿ, ಅಜ್ಜಂಪುರದ ಕಡೆಯೂ ಜೋರು. ಹಳೆಯ ಮನೆಯ ಮಾರ್ಬಲ್ ಮಂಕಾಗಿದೆಯೆಂದು ಆಸಿಡ್ ಸುರಿಯಬೇಡಿ. ಅದು ಸುಣ್ಣದ ಅಂಶದ ಕಲ್ಲು. ಆಸಿಡ್, ನಿಂಬೆರಸ, ವಿನೆಗರ್ ಅದನ್ನು ಕರಗಿಸಿ ಹೊಳಪು ಕೆಡಿಸುತ್ತವೆ. ಆಸಿಡ್‌ಗೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ದಿನನಿತ್ಯಕ್ಕೆ ಸೌಮ್ಯ ಸೋಪಿನ ನೀರು ಸಾಕು.

ಪಾಲಿಶ್ ಮಾಡಿಸುವುದಾದರೆ ನೀರು ಹಾಕಿಯೇ ಯಂತ್ರದಲ್ಲಿ ಉಜ್ಜಲು ಹೇಳಿ. ಒಣ ಧೂಳು ದಮ್ಮು ಇರುವವರಿಗೆ ಅಪಾಯ. ಹೊಳಪಿಗೆ ಬಳಸುವ ಆಕ್ಸಾಲಿಕ್ ಆಸಿಡ್ ಪುಡಿ ವಿಷ. ಮಕ್ಕಳ ಕೈಗೆ ಸಿಗಬಾರದು. ಕೊನೆಗೆ ನೆಲವನ್ನು ಎರಡು ಮೂರು ಬಾರಿ ಶುದ್ಧ ನೀರಿನಿಂದ ತೊಳೆಯಿರಿ.

ಹೊಳೆಯುವ ನೆಲ ಒದ್ದೆಯಾದರೆ ಜಾರುತ್ತದೆ. ವುಝೂ ಮಾಡಿ ಬರುವ ಹಿರಿಯರಿಗಾಗಿ ಬಚ್ಚಲ ಬಾಗಿಲಲ್ಲಿ ಜಾರದ ಮ್ಯಾಟ್ ಹಾಸಿ. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮೊದಲಿನಂತೆ ಓಡಾಡುವುದು ಕಷ್ಟ.